ದಾದಾರ ಶತ್ರಂಜ್, ಮೊಮ್ಮಗನ ಚೆಸ್

ಹಾವೇರಿ ಜಿಲ್ಲೆಯ ಓದುಗ ಸಹೋದರಿಯೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅವರ ಮನೆಯಲ್ಲಿ ಮಾವನವರೂ ಮಗನೂ ಅಸರ್ ನಮಾಝ್ ಮುಗಿಸಿ ಬಂದ ಮೇಲೆ ಶತ್ರಂಜ್ ಆಡುತ್ತಿದ್ದರಂತೆ. ಮಾವನವರಿಗೆ ಎಪ್ಪತ್ತು ದಾಟಿದೆ. ಅತ್ತೆ ತೀರಿಕೊಂಡ ಮೇಲೆ ಅವರಿಗೆ ಉಳಿದಿದ್ದ ಒಂದೇ ಹವ್ಯಾಸವೆಂದರೆ ಮೊಮ್ಮಗನ ಜೊತೆಗಿನ ಈ ಆಟ. ಈ ವರ್ಷ ಹುಡುಗ ಶಾಲೆಯ ಚೆಸ್ ತರಗತಿಗೆ ಸೇರಿದ. ಜಗಳ ಅಲ್ಲಿಂದ ಶುರುವಾಯಿತು. "ದಾದಾ, ಪ್ಯಾದೆ ಮೊದಲ ಸಲ ಎರಡು ಮನೆ ಹೋಗಬಹುದು", "ದಾದಾ, ಬಾದಶಹ ಕುದುರೆ ಥರ ಹಾರೋದಿಲ್ಲ, ನೀವು ಆಡೋದೆಲ್ಲ ತಪ್ಪು ಅಂತ ನಮ್ಮ ಸರ್ ಹೇಳಿದ್ರು". ಹಿರಿಯರು, "ನಿಮ್ಮ ಸರ್ ಹುಟ್ಟೋ ಮೊದಲಿಂದ ಆಡ್ತಿದ್ದೀನಿ ಬೇಟಾ, ಇದು ಬಾದಶಹರ ಕಾಲದ ಅಸಲಿ ಶತ್ರಂಜ್" ಎಂದರು. ಒಂದು ದಿನ ಹಾಸನ್ನು ಮಡಚಿ ಅಲ್ಮೇರಾದ ಮೇಲಿಟ್ಟುಬಿಟ್ಟರು. ಮೂರು ತಿಂಗಳಿಂದ ಅದು ಅಲ್ಲೇ ಇದೆ. "ನನಗೆ ಆಟ ಬರುವುದಿಲ್ಲ. ಯಾರು ಸರಿ ಎಂದು ದಯವಿಟ್ಟು ಬಿಡಿಸಿ ಬರೆಯಿರಿ. ಇಬ್ಬರೂ ಮಾತಿಲ್ಲದೆ ಕುಳಿತಿರುವುದನ್ನು ನೋಡಲಾಗುತ್ತಿಲ್ಲ" ಎಂದು ಸಹೋದರಿ ಕೇಳಿದ್ದಾರೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇಬ್ಬರೂ ಸರಿ. ಆದರೆ ಇಬ್ಬರೂ ಆಡುತ್ತಿರುವುದು ಒಂದೇ ಆಟವಲ್ಲ. ಮೊಮ್ಮಗ ಆಡುವುದು ಯುರೋಪಿನಲ್ಲಿ ರೂಪ ಪಡೆದು ಇಂದು ಜಗತ್ತೆಲ್ಲ ಆಡುವ ಚೆಸ್. ದಾದಾ ಆಡುವುದು ನಮ್ಮ ದೇಶದಲ್ಲಿ ತಲೆಮಾರುಗಳಿಂದ ನಡೆದು ಬಂದ ದೇಶಿ ಶತ್ರಂಜ್. ಇನ್ನು ಬಾದಶಹರ ಕಾಲದ, ಬಗ್ದಾದಿನ ಖಲೀಫರ ಆಸ್ಥಾನದಲ್ಲಿ ಆಡುತ್ತಿದ್ದ ಅಸಲಿ ಶತ್ರಂಜ್ ಇವೆರಡೂ ಅಲ್ಲ. ಅದನ್ನು ಕಂಡರೆ ದಾದಾರವರೂ ಹುಬ್ಬೇರಿಸಿಯಾರು. ಆದ್ದರಿಂದ ಆ ಹಳೆಯ ಆಟದಿಂದಲೇ ಆರಂಭಿಸೋಣ. ಅದರ ನಡೆ ಗೊತ್ತಾದರೆ ಉಳಿದೆರಡೂ ತಾವಾಗಿಯೇ ಅರ್ಥವಾಗುತ್ತವೆ.

ಆಟ ಹುಟ್ಟಿದ್ದು ನಮ್ಮ ಭಾರತದಲ್ಲಿ, ಚತುರಂಗ ಎಂಬ ಹೆಸರಿನಲ್ಲಿ. ಇರಾನಿಗೆ ಹೋಗಿ ಚತ್ರಂಗ್ ಆಯಿತು, ಅರಬರ ನಾಲಗೆಯಲ್ಲಿ ಶತ್ರಂಜ್ ಆಯಿತು. ಅರಬಿಯಲ್ಲಿ 'ಚ' ಇಲ್ಲ, 'ಗ' ಇಲ್ಲ. ಹಾಗಾಗಿ ಬೇರೆ ದಾರಿಯೇ ಇರಲಿಲ್ಲ. ಹಾಸಿನಲ್ಲಿ ಆಗಲೂ ಎಂಟೆಂಟಲಿ ಅರವತ್ನಾಲ್ಕು ಮನೆ. ಕಪ್ಪು ಬಿಳುಪು ಬಣ್ಣ ಮಾತ್ರ ಇರಲಿಲ್ಲ, ಬರಿಯ ಗೆರೆ ಹಾಕಿದ ಬಟ್ಟೆ.

ಮೊದಲು ಹೆಸರುಗಳ ಗೊಂದಲ ಬಿಡಿಸಬೇಕು. ಹೆಚ್ಚಿನ ತಕರಾರು ಹುಟ್ಟುವುದೇ ಇಲ್ಲಿ. ನಮ್ಮ ಮನೆಗಳಲ್ಲಿ ಮೂಲೆಯ ಕಾಯಿಗೆ ಆನೆ ಎನ್ನುತ್ತಾರೆ, ಕುದುರೆಯ ಪಕ್ಕದ ಮೂರನೆಯ ಕಾಯಿಗೆ ಒಂಟೆ ಎನ್ನುತ್ತಾರೆ. ಶತ್ರಂಜ್‌ನಲ್ಲಿ ಮೂಲೆಯದು ರುಖ್, ಮೂರನೆಯದು ಫೀಲ್. ಫೀಲ್ ಎಂದರೆ ಆನೆ. ಖುರ್‌ಆನಿನಲ್ಲಿ ಸೂರಃ ಅಲ್-ಫೀಲ್ ಓದುವ ಮಕ್ಕಳಿಗೂ ಈ ಪದ ಗೊತ್ತು. ಹೀಗಾಗಿ 'ಆನೆ ನೇರ ನಡೆಯುತ್ತದೆ' ಎಂದು ಒಬ್ಬರು, 'ಆನೆ ಓರೆ ಹಾರುತ್ತದೆ' ಎಂದು ಇನ್ನೊಬ್ಬರು ಹೇಳಿದರೆ ಇಬ್ಬರ ಮಾತೂ ನಿಜವೇ, ಆನೆ ಮಾತ್ರ ಬೇರೆ ಬೇರೆ. ಯಾವ ಕಾಯಿ ಎಂದು ಕೇಳುವಾಗ ಹೆಸರು ಹಿಡಿಯಬೇಡಿ, ಅದು ನಿಂತ ಮನೆಯನ್ನು ಹಿಡಿಯಿರಿ.

ಇನ್ನು ನಡೆ. ಶಾಹ್, ಅಂದರೆ ಬಾದಶಹ, ಯಾವ ದಿಕ್ಕಿಗಾದರೂ ಒಂದೇ ಮನೆ. ಇಂದಿನ ಚೆಸ್‌ನ ಹಾಗೆಯೇ. ಕೋಟೆ ಕಟ್ಟಿಕೊಳ್ಳುವ ಕ್ಯಾಸ್ಲಿಂಗ್ ಅವನಿಗಿಲ್ಲ, ಕುದುರೆಯ ಹಾರಾಟವೂ ಇಲ್ಲ. ಎದುರಾಳಿಯ ಕಾಯಿ ಹೊಡೆಯಬಹುದಾದ ಮನೆಗೆ ಅವನು ಕಾಲಿಡುವಂತಿಲ್ಲ. ಎದುರು ಕಾಯಿಯನ್ನು ಹೊಡೆಯುವ ಅಧಿಕಾರ ಅವನಿಗೂ ಇದೆ, ಆದರೆ ಆ ಕಾಯಿಗೆ ಬೆಂಬಲ ಇರಬಾರದು.

ರುಖ್ ನೇರವಾಗಿ, ಅಡ್ಡವಾಗಿ, ದಾರಿ ತೆರೆದಿರುವಷ್ಟು ದೂರ. ಇದರಲ್ಲಿ ಸಾವಿರ ವರ್ಷದಿಂದ ಏನೂ ಬದಲಾಗಿಲ್ಲ. ಹಳೆಯ ಆಟದಲ್ಲಿ ಎಲ್ಲಕ್ಕಿಂತ ಬಲಿಷ್ಠ ಕಾಯಿ ಇದೇ. ಬಾದಶಹನಿಗೂ ರುಖ್‌ಗೂ ಒಟ್ಟಿಗೆ ಅಪಾಯ ಬಂದರೆ 'ಶಾಹ್ ರುಖ್' ಎನ್ನುತ್ತಿದ್ದರು. ತೈಮೂರನು ಆಟದಲ್ಲಿ ಈ ಪೆಟ್ಟು ಕೊಟ್ಟ ಗಳಿಗೆಯಲ್ಲೇ ಮಗ ಹುಟ್ಟಿದ ಸುದ್ದಿ ಬಂತು, ಅದಕ್ಕೇ ಮಗನಿಗೆ ಶಾಹ್‌ರುಖ್ ಎಂದು ಹೆಸರಿಟ್ಟ ಎಂಬ ಕಥೆಯಿದೆ. ರುಖ್ ಎಂದರೆ ಫಾರ್ಸಿಯಲ್ಲಿ ಮುಖ ಎಂಬ ಅರ್ಥವೂ ಇರುವುದರಿಂದ ಕಥೆಯನ್ನು ಕಥೆಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು.

ಕುದುರೆಯ ನಡೆಯೂ ಬದಲಾಗಿಲ್ಲ: ಎರಡು ನೇರ, ಒಂದು ಪಕ್ಕಕ್ಕೆ, ನಡುವೆ ಯಾರಿದ್ದರೂ ಹಾರಿಕೊಂಡು. ಮೂರು ಆಟದಲ್ಲೂ ಇದು ಒಂದೇ. ಕುದುರೆಯನ್ನು ಅರವತ್ನಾಲ್ಕು ಮನೆಗೂ ಒಂದೊಂದೇ ಸಲ ಮುಟ್ಟಿಸಿ ತಿರುಗಿಸುವ ಒಗಟನ್ನು 9ನೇ ಶತಮಾನದಲ್ಲಿ ಬಗ್ದಾದಿನ ಆಸ್ಥಾನದ ಆಟಗಾರ ಅಲ್-ಅದ್ಲಿ ಬಿಡಿಸಿದ್ದ. ಅದೇ ಒಗಟಿಗೆ ಸಾವಿರ ವರ್ಷದ ನಂತರ ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಅನೇಕ ಹೊಸ ಉತ್ತರಗಳನ್ನು ರಚಿಸಿದರು. ದಾದಾನೂ ಮೊಮ್ಮಗನೂ ಕುದುರೆಯ ವಿಷಯದಲ್ಲಂತೂ ಜಗಳವಾಡುವ ಹಾಗಿಲ್ಲ.

ಪ್ಯಾದೆ, ಅರಬಿಯಲ್ಲಿ ಬೈದಕ್, ಮುಂದಕ್ಕೆ ಒಂದೇ ಮನೆ. ಮೊದಲ ಸಲವೂ ಒಂದೇ ಮನೆ. ಹೊಡೆಯುವಾಗ ಮಾತ್ರ ಓರೆಯಾಗಿ ಮುಂದಿನ ಒಂದು ಮನೆಗೆ. ಎದುರಿಗೆ ಯಾರಾದರೂ ನಿಂತರೆ ಅದು ನಿಂತಲ್ಲೇ ನಿಲ್ಲಬೇಕು. ಕೊನೆಯ ಸಾಲು ಮುಟ್ಟಿದರೆ ಅದು ಫರ್ಝೀನ್ ಆಗುತ್ತದೆ. ರುಖ್ ಆಗಲಿ ಕುದುರೆಯಾಗಲಿ ಬೇಕೆಂದರೆ ಸಿಗುವುದಿಲ್ಲ.

ಈಗ ಆ ಫರ್ಝೀನ್ ಯಾರು? ಬಾದಶಹನ ಪಕ್ಕದಲ್ಲಿ ನಿಲ್ಲುವ ವಝೀರ. ಇಂದಿನ ಚೆಸ್‌ನ ರಾಣಿ ನಿಲ್ಲುವ ಜಾಗ ಅದೇ. ಆದರೆ ರಾಣಿಯ ಬಲ ಅವನಿಗಿಲ್ಲ. ಓರೆಯಾಗಿ ಒಂದೇ ಒಂದು ಮನೆ, ಅಷ್ಟೇ. ನೇರಕ್ಕೂ ಹೋಗುವಂತಿಲ್ಲ, ಅಡ್ಡಕ್ಕೂ ಹೋಗುವಂತಿಲ್ಲ. ಅಂಗಳದಲ್ಲಿ ಕಟ್ಟಿದ ಆಡಿನ ಹಾಗೆ ಅವನ ಓಡಾಟ ಬಾದಶಹನ ಸುತ್ತಮುತ್ತಲೇ. ಓರೆಯಾಗಿ ಮಾತ್ರ ನಡೆಯುವುದರಿಂದ ಅವನಿಗೆ ಹಾಸಿನ ಅರ್ಧ ಮನೆಗಳು, ಅಂದರೆ 32 ಮಾತ್ರ ಲಭ್ಯ. ಹಳೆಯ ಆಟದಲ್ಲಿ ಎರಡೂ ಕಡೆಯ ವಝೀರರು ಒಬ್ಬರಿಗೊಬ್ಬರು ಎದುರು ನಿಲ್ಲುತ್ತಾರೆ. ಇಂದಿನ ಬಣ್ಣದ ಹಾಸಿನ ಮೇಲೆ ಇಟ್ಟು ನೋಡಿದರೆ ಒಬ್ಬ ಬಿಳಿ ಮನೆಯವನು, ಇನ್ನೊಬ್ಬ ಕಪ್ಪು ಮನೆಯವನು. ಆಟ ಎಷ್ಟು ಹೊತ್ತು ನಡೆದರೂ ಈ ಇಬ್ಬರೂ ಒಬ್ಬರನ್ನೊಬ್ಬರು ಹೊಡೆಯಲಾರರು! ಪ್ಯಾದೆ ಬೆಳೆದು ಆದ ಫರ್ಝೀನ್ ಬೇರೆ ಬಣ್ಣದ ಮನೆಯಲ್ಲಿ ಹುಟ್ಟಬಹುದು. ಅದು ಎದುರು ವಝೀರನನ್ನು ಹೊಡೆದೀತು.

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಫೀಲ್ ಬಗ್ಗೆ. ಸಾವಧಾನವಾಗಿ ಓದಿ, ಸಾಧ್ಯವಾದರೆ ಹಾಸನ್ನು ಮುಂದಿಟ್ಟುಕೊಳ್ಳಿ. ಫೀಲ್ ಓರೆಯಾಗಿ ಸರಿಯಾಗಿ ಎರಡನೆಯ ಮನೆಗೆ ಹಾರುತ್ತದೆ. ಒಂದನೆಯ ಮನೆಯಲ್ಲಿ ನಿಲ್ಲುವಂತಿಲ್ಲ, ಮೂರನೆಯದಕ್ಕೆ ಹೋಗುವಂತಿಲ್ಲ. ನಡುವಿನ ಮನೆಯಲ್ಲಿ ತನ್ನವರಿರಲಿ, ಎದುರಾಳಿಯಿರಲಿ, ಖಾಲಿಯಿರಲಿ, ಅದಕ್ಕೆ ಲೆಕ್ಕವಿಲ್ಲ. ಹಾಗಾಗಿ ಆಟದ ಮೊದಲ ನಡೆಯಲ್ಲೇ ಮುಂದಿನ ಪ್ಯಾದೆಗಳನ್ನು ಕದಲಿಸದೆ ಫೀಲನ್ನು ಹೊರಗೆ ತರಬಹುದು. ಇಂದಿನ ಒಂಟೆಯಿಂದ ಅದು ಆಗದು.

ಇಲ್ಲಿ ಎರಡು ಪ್ರಶ್ನೆ ಏಳುತ್ತವೆ. ಹಾರಿದಾಗ ನಡುವಿನ ಕಾಯಿ ಸಾಯುತ್ತದೆಯೇ? ಇಲ್ಲ. ಮಕ್ಕಳು ಚೆಕರ್ಸ್ ಆಡಿ ಬಂದಿದ್ದರೆ ಹಾರಿದ್ದನ್ನೆಲ್ಲ ಎತ್ತಿಕೊಳ್ಳುತ್ತಾರೆ. ಶತ್ರಂಜ್‌ನಲ್ಲಿ ಯಾವ ಕಾಯಿಯೂ ಹಾರಿ ಹೊಡೆಯುವುದಿಲ್ಲ; ಹೋಗಿ ಇಳಿದ ಮನೆಯಲ್ಲಿ ಎದುರಾಳಿ ಇದ್ದರೆ ಅದನ್ನೇ ತೆಗೆದು ಆ ಮನೆಯಲ್ಲಿ ಕೂರುತ್ತದೆ. ಫೀಲ್‌ಗೆ ತನ್ನ ಮಗ್ಗುಲಲ್ಲೇ ಓರೆಗೆ ನಿಂತ ಶತ್ರುವನ್ನು ಮುಟ್ಟುವ ಶಕ್ತಿ ಇಲ್ಲ. ಎರಡನೆಯ ಪ್ರಶ್ನೆ: ನಡುವೆ ಒಂದು ಕಾಯಿ ತಂದು ಅಡ್ಡ ನಿಲ್ಲಿಸಿ ಫೀಲ್ ಕೊಟ್ಟ ಶಹ್ ತಪ್ಪಿಸಬಹುದೇ? ಆಗದು. ಕುದುರೆಯ ಶಹ್ ಹೇಗೋ ಇದೂ ಹಾಗೆ. ಒಂದೋ ಬಾದಶಹ ಸರಿಯಬೇಕು, ಇಲ್ಲವೇ ಫೀಲನ್ನೇ ಹೊಡೆಯಬೇಕು.

ಹಾಸಿನ ಮೇಲೆ ಹುಣಸೆ ಬೀಜ ಇಟ್ಟು ಒಂದು ಪ್ರಯೋಗ ಮಾಡಿ. ನಿಮ್ಮ ಎಡದಿಂದ ಮೂರನೆಯ ಮನೆಯ ಫೀಲ್ ಎಲ್ಲೆಲ್ಲಿಗೆ ಹೋಗಬಲ್ಲದೋ ಅಲ್ಲೆಲ್ಲ ಒಂದೊಂದು ಬೀಜ. ಒಂದನೆಯ ಸಾಲಿನಲ್ಲಿ ಮೂರು ಮತ್ತು ಏಳನೆಯ ಮನೆ, ಮೂರನೆಯ ಸಾಲಿನಲ್ಲಿ ಒಂದು ಮತ್ತು ಐದು, ಐದನೆಯ ಸಾಲಿನಲ್ಲಿ ಮತ್ತೆ ಮೂರು ಮತ್ತು ಏಳು, ಏಳನೆಯ ಸಾಲಿನಲ್ಲಿ ಒಂದು ಮತ್ತು ಐದು. ಮುಗಿಯಿತು. 64ರಲ್ಲಿ ಎಂಟೇ ಮನೆ! ಉಳಿದ ಮೂರು ಫೀಲ್‌ಗಳಿಗೂ ಎಂಟೆಂಟೇ, ಅವೂ ಬೇರೆ ಬೇರೆ ಎಂಟು. ನಾಲ್ಕು ಫೀಲ್‌ಗಳು ಒಂದೇ ಹಾಸಿನಲ್ಲಿ ಜೀವಮಾನವೆಲ್ಲ ಇದ್ದರೂ ಒಂದರ ಮನೆಗೆ ಇನ್ನೊಂದು ಕಾಲಿಡುವುದಿಲ್ಲ. ಇನ್ನೂ ಒಂದು: ಹಾಸಿನ ಅರ್ಧ ಮನೆಗಳನ್ನು ಯಾವ ಫೀಲೂ ಯಾವತ್ತೂ ಮುಟ್ಟಲಾರದು. ಬುದ್ಧಿವಂತ ಆಟಗಾರ ತನ್ನ ಬೆಲೆಬಾಳುವ ಕಾಯಿಗಳನ್ನು ಆ ಮನೆಗಳಲ್ಲೇ ಇಡುತ್ತಿದ್ದ.

ಆ ಕಾಲದವರು ಕಾಯಿಗಳಿಗೆ ದಿರ್‌ಹಮ್ ಲೆಕ್ಕದಲ್ಲಿ ಬೆಲೆ ಕಟ್ಟಿದ್ದರು. ರುಖ್ ಒಂದು ದಿರ್‌ಹಮ್, ಕುದುರೆ ಮೂರರಲ್ಲಿ ಎರಡು ಭಾಗ, ಫರ್ಝೀನ್ ಸುಮಾರು ಮೂರರಲ್ಲೊಂದು, ಫೀಲ್ ಕಾಲು ದಿರ್‌ಹಮ್. ನಡುವಿನ ಪ್ಯಾದೆಯ ಬೆಲೆ ಫೀಲ್‌ನಷ್ಟೇ! ಮನೆಯ ಖರ್ಚು ಬರೆದಿಡುವ ಸಹೋದರಿಯರಿಗೆ ಈ ಲೆಕ್ಕ ಬೇಗ ಹಿಡಿಸೀತು.

ಇಷ್ಟು ದುರ್ಬಲ ಕಾಯಿಗಳಿದ್ದರೆ ಆಟ ಗೆಲ್ಲುವುದು ಹೇಗೆ? ಶಾಹ್ ಮಾತ್ ಆದರೆ ಗೆಲುವು, ಅದು ಸರಿಯೇ. (ಮಾತ್ ಎಂದರೆ ಅರಬಿಯ ಅರ್ಥದಲ್ಲಿ 'ಸತ್ತ' ಎನ್ನುವವರಿದ್ದಾರೆ. ಫಾರ್ಸಿಯಲ್ಲಿ ಅದಕ್ಕೆ ದಿಕ್ಕು ತೋಚದವನು, ಸೋತು ನಿಂತವನು ಎಂಬ ಅರ್ಥವಿದೆ. ಆಟದಲ್ಲಿ ಬಾದಶಹನನ್ನು ಯಾರೂ ಹೊಡೆದು ಹೊರಗಿಡುವುದಿಲ್ಲವಾದ್ದರಿಂದ ನನಗೆ ಎರಡನೆಯದೇ ಸರಿಯೆನಿಸುತ್ತದೆ.) ಆದರೆ ಒಂದು ಫರ್ಝೀನ್, ಒಂದು ಫೀಲ್ ಇಟ್ಟುಕೊಂಡು ಮಾತ್ ಮಾಡುವುದು ಆಗದ ಕೆಲಸ. ಅದಕ್ಕಾಗಿ ಇನ್ನೆರಡು ಗೆಲುವುಗಳಿದ್ದವು. ಎದುರಾಳಿಯ ಎಲ್ಲ ಕಾಯಿ ಹೊಡೆದು ಅವನ ಬಾದಶಹನನ್ನು ಒಂಟಿ ಮಾಡಿದರೆ ಗೆಲುವು. ಒಂದು ಷರತ್ತು ಇತ್ತು: ಒಂಟಿಯಾದವನು ತನ್ನ ಮರುನಡೆಯಲ್ಲೇ ಇವನ ಕೊನೆಯ ಕಾಯಿಯನ್ನೂ ಹೊಡೆದು ಇವನನ್ನೂ ಒಂಟಿ ಮಾಡಿದರೆ ಹೆಚ್ಚಿನ ಊರುಗಳಲ್ಲಿ ಅದು ಡ್ರಾ. ಮದೀನಾದವರು ಮಾತ್ರ ಆಗಲೂ ಮೊದಲು ಒಂಟಿ ಮಾಡಿದವನದ್ದೇ ಗೆಲುವು ಎನ್ನುತ್ತಿದ್ದರು. ನೋಡಿ, ನಿಯಮದ ವಿಷಯದಲ್ಲಿ ಊರಿಂದೂರಿಗೆ ವ್ಯತ್ಯಾಸ ಆಗಲೇ ಇತ್ತು!

ಇನ್ನೊಂದು ಗೆಲುವು ಇಂದಿನ ಆಟಗಾರರಿಗೆ ವಿಚಿತ್ರವೆನಿಸುತ್ತದೆ. ಬಾದಶಹನಿಗೆ ಶಹ್ ಇಲ್ಲ, ಆದರೆ ಆಡಲು ಒಂದು ನಡೆಯೂ ಉಳಿದಿಲ್ಲ. ಚೆಸ್‌ನಲ್ಲಿ ಇದಕ್ಕೆ ಸ್ಟೇಲ್‌ಮೇಟ್ ಎನ್ನುತ್ತಾರೆ, ಫಲಿತಾಂಶ ಡ್ರಾ. ಶತ್ರಂಜ್‌ನಲ್ಲಿ ಹಾಗೆ ಕಟ್ಟಿಹಾಕಿದವನೇ ಗೆದ್ದ.

ಒಂಟಿ ಬಾದಶಹನ ನಿಯಮದ ಸೂಕ್ಷ್ಮ ಎಷ್ಟೆಂದು ತಿಳಿಯಬೇಕಾದರೆ ಅಬೂ ಬಕರ್ ಅಸ್ಸೂಲಿಯನ್ನು ನೆನೆಯಬೇಕು. ಖಲೀಫ ಅಲ್-ಮುಕ್ತಫಿಯ ಆಸ್ಥಾನದಲ್ಲಿ ಅಂದಿನ ದೊಡ್ಡ ಆಟಗಾರ ಅಲ್-ಮಾವರ್ದಿಯನ್ನು ಸೋಲಿಸಿದಾತ, ಇತಿಹಾಸಕಾರನೂ ಹೌದು. ಅವನು ಇಟ್ಟ ಒಂದು ಸಮಸ್ಯೆಯಲ್ಲಿ ಹಾಸಿನ ಮೇಲಿರುವುದು ನಾಲ್ಕೇ ಕಾಯಿ: ಒಂದೊಂದು ಕಡೆಗೆ ಒಬ್ಬ ಶಾಹ್, ಒಬ್ಬ ಫರ್ಝೀನ್. ಎದುರು ಫರ್ಝೀನನ್ನು ಹೊಡೆದರೆ ಅವನ ಶಾಹ್ ಒಂಟಿ, ಆಟ ಗೆಲುವು. ನೋಡಲು ಮಕ್ಕಳಾಟ. ಆದರೆ ಸಾವಿರ ವರ್ಷಕ್ಕೂ ಮೀರಿ ಅದರ ಉತ್ತರ ಯಾರಿಗೂ ಸಿಗಲಿಲ್ಲ. 20ನೇ ಶತಮಾನದಲ್ಲಿ ರಷ್ಯದ ಗ್ರಾಂಡ್‌ಮಾಸ್ಟರ್ ಯೂರಿ ಅವೆರ್ಬಾಖ್ ಅದನ್ನು ಬಿಡಿಸಿದರು. ಇದೇ ಸಮಸ್ಯೆಯನ್ನು ಇಂದಿನ ನಿಯಮದಲ್ಲಿ ಇಟ್ಟರೆ ಅದಕ್ಕೆ ಅರ್ಥವೇ ಇಲ್ಲ.

ಫೀಲ್‌ನ ಹಾರಾಟಕ್ಕೂ ಒಂದು ಪ್ರಸಿದ್ಧ ಉದಾಹರಣೆಯಿದೆ. ಶತ್ರಂಜ್‌ನ ಸಮಸ್ಯೆಗಳಿಗೆ ಮನ್ಸೂಬಾ ಎನ್ನುತ್ತಾರೆ. ಅವುಗಳಲ್ಲಿ ಎಲ್ಲರ ಬಾಯಲ್ಲಿರುವುದು ದಿಲಾರಾಮಳದ್ದು. ಇದು ಕಥೆ, ಇತಿಹಾಸವಲ್ಲ. ಒಬ್ಬ ಅಮೀರ ಜೂಜಿನಲ್ಲಿ ಎಲ್ಲ ಕಳೆದುಕೊಂಡು ಕೊನೆಗೆ ತನ್ನ ಮಡದಿ ದಿಲಾರಾಮಳನ್ನೇ ಪಣಕ್ಕಿಟ್ಟ. ಆಟವೂ ಸೋಲುವ ಹಂತಕ್ಕೆ ಬಂತು. ಪರದೆಯ ಹಿಂದಿನಿಂದ ಹಾಸನ್ನು ನೋಡುತ್ತಿದ್ದ ಆಕೆ, ಎರಡೂ ರುಖ್‌ಗಳನ್ನು ಕೊಟ್ಟುಬಿಡಿ, ದಿಲಾರಾಮಳನ್ನು ಕೊಡಬೇಡಿ ಎಂದು ಕೂಗಿ ಹೇಳಿದಳಂತೆ. ಆಗ ಗಂಡನಿಗೆ ದಾರಿ ಕಂಡಿತು. ಮೊದಲ ರುಖ್ ಎದುರಾಳಿ ಬಾದಶಹನ ಮಗ್ಗುಲಿಗೆ ಹೋಗಿ ಬಲಿಯಾಗುತ್ತದೆ. ಈಗ ಫೀಲ್ ತನ್ನದೇ ಕುದುರೆಯ ತಲೆಯ ಮೇಲಿಂದ ಓರೆಗೆ ಹಾರುತ್ತದೆ. ಅದು ಎದ್ದ ಜಾಗ ಖಾಲಿಯಾಗಿ ಹಿಂದಿದ್ದ ಎರಡನೆಯ ರುಖ್‌ಗೆ ದಾರಿ ತೆರೆದು ಶಹ್ ಬೀಳುತ್ತದೆ. ಅದೂ ಬಲಿಯಾಗುತ್ತದೆ. ಕೊನೆಗೆ ಪ್ಯಾದೆ ಒಂದು ಹೆಜ್ಜೆ, ಕುದುರೆ ಒಂದು ಹಾರು, ಶಾಹ್ ಮಾತ್. ಆ ಹೊತ್ತಿನಲ್ಲಿ ಬಾದಶಹ ತಪ್ಪಿಸಿಕೊಳ್ಳಬಹುದಾದ ಒಂದು ಮನೆಯನ್ನು ಕಾಯುತ್ತಿರುವುದು ಅದೇ ಫೀಲ್. ಇಂದಿನ ಒಂಟೆಯನ್ನು ಅಲ್ಲಿಟ್ಟರೆ ಕುದುರೆ ಅಡ್ಡ ನಿಂತು ಒಂದು ಹೆಜ್ಜೆಯೂ ಹೋಗದು, ದಿಲಾರಾಮ್ ಉಳಿಯುವುದಿಲ್ಲ.

ಹೆಂಡತಿಯನ್ನು ಪಣಕ್ಕಿಟ್ಟ ಆ ಅಮೀರನನ್ನು ಕಥೆ ಕೇಳಿದವರು ಹೊಗಳುವುದುಂಟು, ಎಂಥ ಆಟಗಾರ ಎಂದು. ನನಗೆ ಆತನ ಬಗ್ಗೆ ಏನೂ ಒಳ್ಳೆಯದು ಹೇಳಲು ತೋಚುವುದಿಲ್ಲ. ಆಟ ತಿಳಿದಿದ್ದವಳು ಆಕೆ. ಇಲ್ಲಿಯೇ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನ ತಿಂಗಳು ಪತ್ರಗಳ ರಾಶಿ ಬೀಳುತ್ತದೆ. ಈ ಆಟದ ಬಗ್ಗೆ ಫಿಕ್ಹ್ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಹನಫಿ, ಮಾಲಿಕಿ, ಹಂಬಲಿ ವಿದ್ವಾಂಸರು ಸಾಮಾನ್ಯವಾಗಿ ಇದನ್ನು ಒಪ್ಪುವುದಿಲ್ಲ. ಶಾಫಿಈ ಮದ್‌ಹಬ್‌ನಲ್ಲಿ ಪಣವಿಲ್ಲದೆ, ನಮಾಝ್ ತಪ್ಪಿಸದೆ, ಬೈಗುಳವಿಲ್ಲದೆ ಆಡಿದರೆ ಹರಾಮ್ ಅಲ್ಲ ಎಂಬ ಅಭಿಪ್ರಾಯವಿದೆ. ಪಣ ಕಟ್ಟಿದರೆ ಹರಾಮ್ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ನಿಮ್ಮ ಮನೆಯ ರೀತಿಯನ್ನು ನಿಮ್ಮ ಉಲಮಾರಲ್ಲಿ ಕೇಳಿಕೊಳ್ಳಿ. ನಾನು ಬರೆಯುತ್ತಿರುವುದು ನಡೆಯ ನಿಯಮ ಮಾತ್ರ.

ಈ ಹಳೆಯ ಆಟ ಅರಬರ ಮೂಲಕ ಸ್ಪೇನ್ ಸೇರಿತು. ಸ್ಪೇನ್ ಭಾಷೆಯಲ್ಲಿ ಒಂಟೆಯ ಕಾಯಿಗೆ ಇಂದಿಗೂ 'ಅಲ್ಫಿಲ್' ಎಂದೇ ಹೆಸರು, ನಮ್ಮ ಅಲ್-ಫೀಲ್. ರಷ್ಯನ್ನರು ರಾಣಿಗೆ 'ಫೆರ್ಝ್' ಎನ್ನುತ್ತಾರೆ, ಅದು ಫರ್ಝೀನ್. 15ನೇ ಶತಮಾನದ ಕೊನೆಯ ಭಾಗದಲ್ಲಿ ಸ್ಪೇನ್‌ನಲ್ಲಿ ಆಟದ ರೂಪವೇ ಬದಲಾಯಿತು. ಒಂದು ಮನೆ ನಡೆಯುತ್ತಿದ್ದ ವಝೀರ ಎಲ್ಲ ದಿಕ್ಕಿಗೂ ಎಷ್ಟು ದೂರವಾದರೂ ಓಡುವ ರಾಣಿಯಾದ. ಫೀಲ್ ಹಾರುವುದನ್ನು ಬಿಟ್ಟು ಓರೆ ದಾರಿಯ ಉದ್ದಕ್ಕೂ ಓಡತೊಡಗಿತು. 1497ರಲ್ಲಿ ಲೂಸೆನಾ ಎಂಬಾತ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಹಳೆಯ ಆಟದ ಸಮಸ್ಯೆಗಳೂ ಹೊಸ ಆಟದ ಸಮಸ್ಯೆಗಳೂ ಜೊತೆಜೊತೆಗೆ ಇವೆ. ಹೊಸದಕ್ಕೆ ಅವರು ಇಟ್ಟ ಹೆಸರಿನ ಅರ್ಥ 'ಮಹಿಳೆಯ ಚದುರಂಗ'. ಈ ಹೊಸ ಆಟದಲ್ಲಿ ರಾಣಿ ಎಲ್ಲರಿಗಿಂತ ಬಲಶಾಲಿಯಾದಳು.

ಒಂದು ನಿಯಮ ಬದಲಾದರೆ ಉಳಿದವು ಸುಮ್ಮನಿರುವುದಿಲ್ಲ. ಪ್ಯಾದೆಗೆ ಮೊದಲ ಸಲ ಎರಡು ಮನೆಯ ನಡೆ ಕೊಟ್ಟರು, ಆಟ ಚುರುಕಾಗಲೆಂದು. ಆಗ ಪ್ಯಾದೆ ಎರಡು ಮನೆ ಓಡಿ ಎದುರು ಪ್ಯಾದೆಯ ಕೈಗೆ ಸಿಗದೆ ನುಣುಚಿಕೊಳ್ಳತೊಡಗಿತು. ಅದನ್ನು ತಡೆಯಲು 'ಆನ್ ಪಾಸಾಂ' ಬಂತು: ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಪ್ಯಾದೆಯನ್ನು, ಅದು ಒಂದೇ ಮನೆ ಬಂದಿದೆಯೆಂದು ತಿಳಿದು, ಆ ಕೂಡಲೇ ಹೊಡೆಯಬಹುದು, ಒಂದು ನಡೆ ತಡವಾದರೆ ಹಕ್ಕು ಹೋಯಿತು. ಎರಡು ಮನೆಯ ನಡೆಯೇ ಇಲ್ಲದ ಶತ್ರಂಜ್‌ನಲ್ಲಿ ಈ ನಿಯಮಕ್ಕೆ ಕೆಲಸವೇ ಇಲ್ಲ. ರಾಣಿಯ ಹೊಡೆತದಿಂದ ನಡುವಿನಲ್ಲಿದ್ದ ಬಾದಶಹನಿಗೆ ಅಪಾಯ ಹೆಚ್ಚಿತು; ಅವನನ್ನು ಮೂಲೆಗೆ ಸೇರಿಸಲು ಕ್ಯಾಸ್ಲಿಂಗ್ ಬೆಳೆಯಿತು. ಹಾಗಾಗಿ ದಾದಾರ ಒಂದು ನಿಯಮ, ಶಾಲೆಯ ಒಂದು ನಿಯಮ ಸೇರಿಸಿ ಕಲಬೆರಕೆ ಆಡಬೇಡಿ. ರಾಣಿಗೆ ಹೊಸ ಬಲವೂ ಇರಲಿ, ಒಂಟಿ ಬಾದಶಹ ಸೋತ ಎಂಬ ಹಳೆಯ ನಿಯಮವೂ ಇರಲಿ ಎಂದರೆ, ಮಾತ್ ಮಾಡುವ ಕಲೆಯನ್ನು ಕಲಿಯುವ ಅಗತ್ಯವೇ ಬೀಳದು.

ಈಗ ದಾದಾರ ಆಟ. ದೇಶಿ ಶತ್ರಂಜ್‌ನಲ್ಲಿ ವಝೀರನಿಗೂ ಒಂಟೆಗೂ ಹೊಸ ಬಲವೇ ಇದೆ. ಪ್ಯಾದೆ ಮಾತ್ರ ಹಳೆಯ ಹಾಗೆ ಒಂದೇ ಮನೆ. ಕೆಲವು ಕಡೆ ಒಂದೆರಡು ಪ್ಯಾದೆಗಳಿಗೆ ವಿನಾಯಿತಿ ಇದೆ. ಕ್ಯಾಸ್ಲಿಂಗ್ ಬದಲಿಗೆ ಬಾದಶಹನಿಗೆ ಇಡೀ ಆಟದಲ್ಲಿ ಒಮ್ಮೆ ಕುದುರೆಯ ನಡೆ ಹಾರುವ ಹಕ್ಕು, ಅದೂ ಅವನಿಗೆ ಒಮ್ಮೆಯೂ ಶಹ್ ಬಿದ್ದಿರಬಾರದು. ಪ್ಯಾದೆ ಕೊನೆಯ ಸಾಲು ಮುಟ್ಟಿದರೆ ಆ ಮನೆಯಲ್ಲಿ ಮೂಲದಲ್ಲಿ ಯಾವ ಕಾಯಿ ಇತ್ತೋ ಅದೇ ಆಗುತ್ತದೆ: ಮೂಲೆಗೆ ಹೋದರೆ ಆನೆ, ಅದರ ಪಕ್ಕಕ್ಕೆ ಹೋದರೆ ಕುದುರೆ. ಬಾದಶಹನ ಅಥವಾ ವಝೀರನ ಮನೆಗೆ ಹೋದರೆ ವಝೀರ. ಎದುರಾಳಿಯನ್ನು ನಡೆಯಿಲ್ಲದೆ ಕಟ್ಟಿಹಾಕುವಂತೆ ಆಡಲು ಬಿಡುವುದಿಲ್ಲ.

ಇದು ತಪ್ಪು ಆಟ ಎನ್ನುವ ಶಿಕ್ಷಕರಿಗೆ ಮೀರ್ ಸುಲ್ತಾನ್ ಖಾನ್ ಹೆಸರು ಹೇಳಿ. ಪಂಜಾಬಿನ ಮಿಠ್ಠಾ ಟಿವಾನಾದ ಈ ಹಳ್ಳಿಗ ಬಾಲ್ಯದಲ್ಲಿ ಕಲಿತದ್ದು ಇದೇ ದೇಶಿ ಆಟ. ಯುರೋಪಿನ ನಿಯಮ ಕಲಿತದ್ದು ದೊಡ್ಡವನಾದ ಮೇಲೆ, ಜಮೀನ್ದಾರ ಸರ್ ಉಮರ್ ಹಯಾತ್ ಖಾನರ ಆಶ್ರಯದಲ್ಲಿ. ಆದರೂ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1966ರಲ್ಲಿ ತೀರಿಕೊಂಡ ಅವರಿಗೆ ವಿಶ್ವ ಚೆಸ್ ಸಂಸ್ಥೆ ಫಿಡೆ 2024ರಲ್ಲಿ ಗೌರವ ಗ್ರಾಂಡ್‌ಮಾಸ್ಟರ್ ಬಿರುದು ಕೊಟ್ಟಿತು. ಅದೇ 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದವರು ಯಾರು ಗೊತ್ತೇ? ಅದೇ ಸರ್ ಉಮರ್ ಹಯಾತ್ ಖಾನರ ಪರಿವಾರದ ಜೊತೆ ಲಂಡನಿಗೆ ಹೋಗಿದ್ದ ಫಾತಿಮಾ. ಅವರ ಬಗ್ಗೆ ಬರೆದವರು ಬಹಳ ಕಡಿಮೆ.

ಹಾವೇರಿಯ ಸಹೋದರಿಗೆ ನನ್ನ ಸಲಹೆ ಇಷ್ಟು. ಹಾಸನ್ನು ಅಲ್ಮೇರಾದಿಂದ ಇಳಿಸಿ ಮೊದಲು ಒಂದು ಚೀಟಿ ಬರೆಸಿ. ಇಂದು ಆಡುವುದು ಯಾವ ಆಟ, ದೇಶಿಯೋ ಶಾಲೆಯದೋ? ದೇಶಿಯಾದರೆ ನಿಯಮ ಹೇಳುವವರು ದಾದಾ, ಹುಡುಗ ನಡುವೆ ಬಾಯಿ ಹಾಕುವಂತಿಲ್ಲ. ಶಾಲೆಯದಾದರೆ ಮೊಮ್ಮಗ ಉಸ್ತಾದ್, ದಾದಾ ಶಾಗಿರ್ದ್. ಎಪ್ಪತ್ತರಲ್ಲಿ ಆನ್ ಪಾಸಾಂ ಕಲಿಯುವುದು ಕಷ್ಟವೇನಲ್ಲ. ಒಂದು ಶುಕ್ರವಾರ ಇಬ್ಬರೂ ಬಗ್ದಾದಿನ ಆಟ ಆಡಿ ನೋಡಲಿ, ಅದು ಇಬ್ಬರಿಗೂ ಹೊಸದು. ಬೇರೆ ಕಾಯಿ ಕೊಳ್ಳಬೇಕಿಲ್ಲ. ರಾಣಿಯನ್ನೇ ಫರ್ಝೀನ್ ಎನ್ನಿ, ಒಂಟೆಯನ್ನೇ ಫೀಲ್ ಎನ್ನಿ, ಎರಡು ಕಡೆಯ ಬಾದಶಹರನ್ನೂ ಎದುರುಬದುರು ನಿಲ್ಲಿಸಿ. ಆಟ ನಿಧಾನ, ಮೊದಲ ಅರ್ಧ ಗಂಟೆ ಏನೂ ನಡೆಯದಂತೆ ಕಾಣುತ್ತದೆ. ಹಳಬರು ಕೂಡ ಆ ಹೊತ್ತಿನಲ್ಲಿ ಎದುರಾಳಿಯ ಕಡೆ ನೋಡದೆ ತಮ್ಮ ಪಾಡಿಗೆ ವ್ಯೂಹ ಕಟ್ಟುತ್ತಿದ್ದರು. ಅದಕ್ಕೆ ತಾಬಿಯಾ ಎಂಬ ಹೆಸರಿತ್ತು.

ಹುಡುಗ ಶಾಲೆಯ ಪಂದ್ಯಕ್ಕೆ ಹೋಗುವ ದಿನ ಮಾತ್ರ ಎಚ್ಚರ. ಅಲ್ಲಿ ಫಿಡೆಯ ನಿಯಮವೇ ನಡೆಯುವುದು. ದಾದಾರ ಜೊತೆ ಆಡಿದ ರೂಢಿಯಲ್ಲಿ ಬಾದಶಹನನ್ನು ಕುದುರೆಯಂತೆ ಹಾರಿಸಲು ಕೈ ಹಾಕಿದರೆ ಆ ನಡೆ ರದ್ದಾಗುವುದಷ್ಟೇ ಅಲ್ಲ, ಮುಟ್ಟಿದ ಕಾಯಿಯನ್ನೇ ಆಡಬೇಕೆಂಬ ನಿಯಮದಿಂದ ಬಾದಶಹನನ್ನೇ ಒಂದು ಮನೆ ಸರಿಸಬೇಕಾಗುತ್ತದೆ. ಒಮ್ಮೆ ಸರಿದರೆ ಕ್ಯಾಸ್ಲಿಂಗ್‌ನ ಹಕ್ಕೂ ಹೋಯಿತು.